ಕೂದಲಿನ ಚೀಲದಲ್ಲಿ ತತ್ತಿ

ಹೋದ ತಿಂಗಳು ನಾದಿನಿಯ ಮಗಳ ಮದುವೆಯ ಕರೆಯೋಲೆ ಹಂಚಲು ಕುಷ್ಟಗಿಯಿಂದ ಭಾಗ್ಯನಗರಕ್ಕೆ ಹೋಗಿದ್ದೆ. ನಾವು ಮೊದಲಿದ್ದ ಓಣಿಗೆ ತಿರುಗುತ್ತಿದ್ದಂತೆ ಆ ವಾಸನೆ ಮೂಗಿಗೆ ಬಡಿಯಿತು. ಹಳೆಯ ಎಣ್ಣೆ, ಬೆವರು, ಸೀಗೇಕಾಯಿ, ಹಸಿ ಗೋಣಿ ಎಲ್ಲ ಕೂಡಿದ ವಾಸನೆ. ಹೊರಗಿನವರಿಗೆ ಹೇಸಿಗೆ ಅನ್ನಿಸಬಹುದು, ನನಗೆ ಅದು ತವರಿನ ವಾಸನೆ. ಒಂದು ಮನೆಯ ಕಟ್ಟೆಯ ಮೇಲೆ ನಾಲ್ವರು ಹೆಂಗಸರು ಕಾಲು ಚಾಚಿ ಕೂತು, ತೊಡೆಯ ಮೇಲೆ ಕೂದಲಿನ ಉಂಡೆ ಇಟ್ಟುಕೊಂಡು, ಸೂಜಿಯಿಂದ ಸಿಕ್ಕು ಬಿಡಿಸುತ್ತಿದ್ದರು. ಪಕ್ಕದಲ್ಲಿದ್ದ ಚೀಲದ ಬಾಯಿಯೊಳಗೆ ಒಂದು ಎಳೆಯ ಹೇಂಟೆ ಕತ್ತು ಚಾಚಿ ಇಣುಕಿತು. ಒಬ್ಬಾಕೆ ಹುಶ್ ಅಂದಳು. ಅದು ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, ಮತ್ತೆ ಅಲ್ಲಿಗೇ ಬಂತು.

ಅದು ತತ್ತಿಗೆ ಬಂದಿದೆ, ಜಾಗ ಹುಡುಕುತ್ತಿದೆ ಎಂದು ನಾನೇ ಹೇಳಿದೆ. ಅದರ ಜುಟ್ಟು ಕೆಂಪೇರಿದ್ದು ದೂರದಿಂದಲೇ ಕಾಣುತ್ತಿತ್ತು. ಆಕೆ ನನ್ನ ಸೀರೆ, ಕೈಚೀಲ, ಕನ್ನಡಕ ಎಲ್ಲ ನೋಡಿ, ಮೇಡಂ ಅವರಿಗೆ ಕೋಳಿಯ ವಿಷಯ ಹೇಗೆ ಗೊತ್ತು ಎಂದು ನಕ್ಕಳು. ನಾನೂ ನಕ್ಕು ಮುಂದೆ ನಡೆದೆ. ಹೇಳುತ್ತ ಕೂತಿದ್ದರೆ ನನ್ನ ಹೊಟ್ಟೆಕಿಚ್ಚಿನ ಕತೆಯನ್ನೇ ಹೇಳಬೇಕಾಗುತ್ತಿತ್ತು.

ಕೊಪ್ಪಳ ಜಿಲ್ಲೆಯಾದ ಮರುವರ್ಷ ನಾನು ಹತ್ತನೆಯ ತರಗತಿ. ಅಪ್ಪ ಗಿಣಿಗೇರಾದ ಕಬ್ಬಿಣದ ಕಾರ್ಖಾನೆಯೊಂದಕ್ಕೆ ಪಾಳಿಯ ಮೇಲೆ ಹೋಗುತ್ತಿದ್ದ. ಅವ್ವ ಮನೆಯಲ್ಲೇ ಕೂದಲಿನ ಕೆಲಸ ಮಾಡುತ್ತಿದ್ದಳು. ಯಾವ ಯಾವುದೋ ಊರಿನ ಹೆಣ್ಣುಮಕ್ಕಳು ತಲೆ ಬಾಚಿದಾಗ ಉದುರಿದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ಇಟ್ಟಿರುತ್ತಾರಲ್ಲ, ಅವೆಲ್ಲ ಚವರಿ, ವಿಗ್ ಮಾಡಲೆಂದು ಚೀಲ ತುಂಬಿ ನಮ್ಮೂರಿನ ಮಾಲೀಕರ ಮನೆಗೆ, ಅಲ್ಲಿಂದ ನಮ್ಮಂಥವರ ಮನೆಗೆ ಬರುತ್ತಿದ್ದವು. ಸಿಕ್ಕು ಬಿಡಿಸಬೇಕು, ಬಿಳಿಯದನ್ನು ಬೇರೆ ಮಾಡಬೇಕು, ಉದ್ದಕ್ಕೆ ತಕ್ಕಂತೆ ಕಟ್ಟು ಕಟ್ಟಬೇಕು. ಓಣಿಯಲ್ಲಿ ಅವ್ವನಷ್ಟು ನಯವಾಗಿ ಬಿಡಿಸುವವರು ಇರಲಿಲ್ಲ. ಎಂಥ ಗಂಟನ್ನೂ ಕತ್ತರಿ ಮುಟ್ಟಿಸದೆ ಬಿಡಿಸುತ್ತಿದ್ದಳು.

ಆದರೆ ನನ್ನ ತಲೆಯನ್ನು ಮಾತ್ರ ಅವಳು ಮುಟ್ಟುತ್ತಿರಲಿಲ್ಲ. ದಿನವಿಡೀ ಮಂದಿಯ ಕೂದಲು ಬಿಡಿಸಿ ಬೆರಳಲ್ಲಿ ಜೀವ ಉಳಿದಿಲ್ಲ, ನಿನ್ನ ಹೆರಳು ನೀನೇ ಹಾಕಿಕೋ ಅನ್ನುತ್ತಿದ್ದಳು. ಏಳು ವರ್ಷದವಳಿದ್ದಾಗಲೇ ನಾನು ಸೊಟ್ಟ ಬೈತಲೆ ತೆಗೆದು, ಒಂದು ಮೇಲೆ ಒಂದು ಕೆಳಗೆ ಹೆರಳು ಹಾಕಿಕೊಂಡು ಸಾಲೆಗೆ ಹೋಗುತ್ತಿದ್ದೆ. ಅದಕ್ಕೆ ಬೇಜಾರು ಅಂತ ಇರಲಿಲ್ಲ. ಅವ್ವ ಯಾರ ತಲೆಯನ್ನೂ ಮುಟ್ಟುವುದಿಲ್ಲ, ನನ್ನದನ್ನೂ ಮುಟ್ಟುವುದಿಲ್ಲ, ಲೆಕ್ಕ ಸರಿಯಾಗಿತ್ತು. ಆ ಜೂನ್‌ನಲ್ಲಿ ನೀಲಾ ಬಂದಳು, ಲೆಕ್ಕ ತಪ್ಪಿತು.

ನೀಲಾ ನನ್ನ ಸೋದರಮಾವನ ಮಗಳು, ಬೇವೂರಿನವಳು, ನನಗಿಂತ ಒಂದು ವರ್ಷ ಚಿಕ್ಕವಳು. ಅವಳ ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಾವ ಮತ್ತೊಂದು ಮದುವೆಯಾಗಿದ್ದ. ಮನೆಗೆ ಬಂದ ಚಿಕ್ಕವ್ವನಿಗೆ ತನ್ನದೇ ಕೂಸು, ತನ್ನದೇ ತಾಪತ್ರಯ. ಅವ್ವನೇ ಹಟ ಹಿಡಿದು, ಅಣ್ಣನ ಮಗಳು ನಮ್ಮಲ್ಲಿದ್ದು ಒಂಬತ್ತನೆಯ ತರಗತಿ ಓದಲಿ ಅಂತ ಕರೆಸಿಕೊಂಡಳು. ಯಲಬುರ್ಗಾ ಕಡೆಯ ಬಸ್ಸಿನಿಂದ ಮಾವನ ಹಿಂದೆ ಇಳಿದು ಬಂದ ನೀಲಾಳ ಕಂಕುಳಲ್ಲಿ ಅರಿವೆ ಕಟ್ಟಿದ ಬುಟ್ಟಿ ಇತ್ತು. ತಲೆಗೆ ಟವೆಲ್ ಸುತ್ತಿದ್ದಳು.

ಅವ್ವ ಮೊದಲು ಬಿಚ್ಚಿದ್ದು ಬುಟ್ಟಿಯನ್ನಲ್ಲ, ಟವೆಲ್ಲನ್ನು. ಒಳಗಿನ ಕೂದಲು ಬಾಚಣಿಗೆ ಕಂಡು ಎಷ್ಟು ತಿಂಗಳಾಗಿತ್ತೋ, ನಮ್ಮ ಚೀಲದೊಳಗಿನ ಉಂಡೆಯ ಹಾಗೆಯೇ ಗಂಟುಗಂಟಾಗಿತ್ತು. ಬೋಳಿಸಿಬಿಡು ಅಂತ ಮನೆಯಲ್ಲಿ ಹೇಳಿ ಕಳಿಸಿದ್ದಾರೆ ಎಂದು ಮಾವ ನೆಲ ನೋಡುತ್ತ ಹೇಳಿದ. ಅವ್ವ ಒಳಗೆ ಹೋಗಿ ಕೆಲಸದ ಸೂಜಿ ತಂದಳು. ಎರಡು ದಿನ, ಮಾಲೀಕರ ಕೂದಲನ್ನು ಮುಟ್ಟದೆ, ನೀಲಾಳನ್ನು ಮುಂದೆ ಕೂರಿಸಿಕೊಂಡು ಒಂದೊಂದೇ ಗಂಟು ಬಿಡಿಸಿದಳು. ಒಂದು ಕೂದಲನ್ನೂ ಕತ್ತರಿಸಲಿಲ್ಲ. ಮೂರನೆಯ ದಿನ ಎಣ್ಣೆ ಹಚ್ಚಿ, ನೀರು ಹಾಕಿ, ಎರಡು ಹೆರಳು ಹೆಣೆದು, ಮಡಚಿ ಟೇಪು ಕಟ್ಟಿದಳು. ನೀಲಾಳ ಕೂದಲು ಮೊಣಕೈ ತನಕ ಇತ್ತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹೊಟ್ಟೆಯೊಳಗೆ ಏನೋ ಚುರ್ ಅಂದದ್ದು ಆಗಲೇ.

ಬುಟ್ಟಿಯಲ್ಲಿ ಎರಡು ಎಳೆಯ ಹೇಂಟೆಗಳಿದ್ದವು, ಒಂದೇ ತಾಯಿಯ ಮರಿಗಳು. ಒಂದು ಕಪ್ಪು, ಇನ್ನೊಂದು ಕೆಂಪು. ಅತ್ತೆಯ ಮನೆಗೆ ಬರಿಗೈಯಲ್ಲಿ ಬರಬಾರದು ಅಂತ ತಾನೇ ಸಾಕಿದ್ದನ್ನು ತಂದಿದ್ದಳು.

"ಒಂದ ನಿಂಗ, ಒಂದ ನಂಗ. ನೀನ ಮೊದ್ಲ ಆರಿಸ್ಕೊ ಹುಲಿಗೆಕ್ಕಾ" ಎಂದಳು.

ನಾನು ಕೋಳಿಗಳನ್ನು ನೋಡಲಿಲ್ಲ, ಅವಳ ಕಣ್ಣನ್ನು ನೋಡಿದೆ. ಅವಳ ಕಣ್ಣು ಕೆಂಪಿಯ ಮೇಲಿತ್ತು. ಕೆಂಪಿ ನನಗೆ ಎಂದೆ. ಅವಳು ಕರಿಯದನ್ನು ಎತ್ತಿಕೊಂಡಳು.

ಆ ವರ್ಷದ ಆಷಾಢದ ಗಾಳಿ ಬಹಳ ಜೋರು. ಓಣಿಯ ತುಂಬ ಕೂದಲು ಹಾರಿ ಬೇಲಿಗೆ, ತಂತಿಗೆ, ರೊಟ್ಟಿಗೆ, ಎಮ್ಮೆಯ ಬಾಲಕ್ಕೆ ಸುತ್ತಿಕೊಳ್ಳುತ್ತಿತ್ತು. ಆ ಗಾಳಿಯಲ್ಲೂ ಸಂಜೆ ದೀಪ ಹಚ್ಚುವ ಮೊದಲು ಅವ್ವ ಬಾಗಿಲ ಒಳಗೆ ಕೂತು ನೀಲಾಳಿಗೆ ಹೆರಳು ಹಾಕುವುದು ಮಾತ್ರ ತಪ್ಪುತ್ತಿರಲಿಲ್ಲ. ನೀಲಾ ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದಳು. ಆಗ ಅವ್ವನ ಬೆರಳಿಗೆ ಎಲ್ಲಿಂದ ಜೀವ ಬರುತ್ತಿತ್ತೋ. ನಾನು ಪುಸ್ತಕ ಹಿಡಿದು ಎದುರಿಗೆ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಒಮ್ಮೆ ನಾಲ್ಕು ದಿನ ತಲೆ ಬಾಚಿಕೊಳ್ಳದೆ, ಬೇಕಂತಲೇ ಹಾಸಿಗೆಗೆ ತಲೆ ತಿಕ್ಕಿ ತಿಕ್ಕಿ ಸಿಕ್ಕು ಮಾಡಿಕೊಂಡು ಅವ್ವನ ಮುಂದೆ ಹೋಗಿ ನಿಂತೆ. ಅವಳು ನೋಡಿ, ಇಷ್ಟು ದೊಡ್ಡಾಕೆಯಾಗಿ ಹೀಗಾ ಇರುವುದು ಅಂತ ಬಾಚಣಿಗೆಯನ್ನು ನನ್ನ ಕೈಗೆ ಕೊಟ್ಟಳು. ನನಗೆ ಆ ವರ್ಷ ಬೇಕಾಗಿದ್ದು ಅದೊಂದೇ, ಅವ್ವನ ಕೈ ನನ್ನ ತಲೆಯ ಮೇಲೆ. ಬಾಯಿಬಿಟ್ಟು ಕೇಳುವುದಕ್ಕೆ ಸೊಕ್ಕು ಬಿಡಲಿಲ್ಲ. ಹಾಗಾಗಿ ನನ್ನ ಉರಿಯನ್ನೆಲ್ಲ ಕೋಳಿಯ ಮೇಲೆ ಹಾಕಿದೆ. ನನ್ನ ಕೆಂಪಿ ಮೊದಲು ತತ್ತಿ ಇಡಬೇಕು, ನೀಲಾಳ ಕರಿ ಬಾಯಿ ಬಿಟ್ಟುಕೊಂಡು ನೋಡಬೇಕು.

ಕೋಳಿಯ ವಿಷಯದಲ್ಲಿ ನೀಲಾ ಪಂಡಿತೆ. ಎಳೆಯ ಹೇಂಟೆ ತತ್ತಿಗೆ ಬರುವಾಗ ಏನೇನು ಮಾಡುತ್ತದೆ ಎನ್ನುವುದನ್ನು ನನಗೆ ಕಲಿಸಿದವಳು ಅವಳೇ. ಮೊದಲು ಜುಟ್ಟು, ಗಲ್ಲ ಕೆಂಪಾಗುತ್ತವೆ. ಬೆನ್ನ ಮೇಲೆ ಕೈ ಇಟ್ಟರೆ ಓಡುವುದನ್ನು ಬಿಟ್ಟು ರೆಕ್ಕೆ ಹರವಿ ಕುಸಿದು ಕೂರುತ್ತದೆ. ಸಣ್ಣ ದನಿಯಲ್ಲಿ ರಾಗ ಎಳೆಯುತ್ತ ಮೂಲೆ ಮೂಲೆ ಇಣುಕುತ್ತದೆ. ಒಲೆಯ ಹಿಂದೆ, ಕಟ್ಟಿಗೆಯ ಒಟ್ಟಿಲ ಕೆಳಗೆ, ಹಾಸಿಗೆ ಸುತ್ತಿಟ್ಟಲ್ಲಿ, ಎಲ್ಲ ಕಡೆ ಕೂತು ಎದ್ದು ನೋಡುತ್ತದೆ. ಆಗ ಓಡಿಸಿದರೆ ತತ್ತಿ ಊರವರ ಮನೆಯ ಪಾಲು. ಒಮ್ಮೆ ಇಟ್ಟ ಮೇಲೆ ಎಲ್ಲ ತೆಗೆಯಬಾರದು, ಒಂದನ್ನು ಬಿಡಬೇಕು. ಅದನ್ನು ನೋಡಿಕೊಂಡು ಮರುದಿನ ಅಲ್ಲಿಗೇ ಬರುತ್ತದೆ. ದಿನಾ ಒಂದೇ ಹೊತ್ತಿಗೆ ಇಡುವುದೂ ಇಲ್ಲ. ಇವತ್ತು ಎಂಟಕ್ಕಾದರೆ ನಾಳೆ ಒಂಬತ್ತರ ಮೇಲೆ, ನಾಡಿದ್ದು ಇನ್ನೂ ತಡ, ಜಾರುತ್ತ ಜಾರುತ್ತ ಹೋಗಿ ಒಂದು ದಿನ ಬಿಟ್ಟೇಬಿಡುತ್ತದೆ. ಇದನ್ನೆಲ್ಲ ಅವಳು ಹೇಳುವಾಗ ನಾನು ಬೇರೆ ಕಡೆ ನೋಡುತ್ತ, ಕಿವಿ ಮಾತ್ರ ಅವಳ ಕಡೆ ಕೊಟ್ಟಿರುತ್ತಿದ್ದೆ.

ಉತ್ತರಿ ಮಳೆ ಮುಗಿದು ಮಾರ್ನವಮಿಯ ರಜೆ ಬಂತು. ಒಂದು ಬೆಳಗ್ಗೆ ಕರಿ ಕೋಳಿ ಮನೆ ಒಡೆದು ಹೋಗುವ ಹಾಗೆ ಕ್ಕೊಕ್ಕೊಕ್ಕೊ ಅಂತ ಕೂಗಿಕೊಂಡಿತು. ನೀಲಾ ಓಡಿದಳು. ಅವ್ವನ ಪಕ್ಕದಲ್ಲಿ ಗಿಡ್ಡ ಕೂದಲಿನ ಚೀಲ ಅಂತ ಒಂದಿರುತ್ತಿತ್ತು, ಕಟ್ಟು ಕಟ್ಟಲಿಕ್ಕೆ ಬಾರದ ತುಂಡುಗಳನ್ನು ಅದರೊಳಗೆ ಎಸೆಯುತ್ತಿದ್ದಳು. ಆ ಚೀಲದ ನಡುವೆ, ಕರಿ ಕೂದಲಿನ ಕುಳಿಯಲ್ಲಿ, ಗೋಲಿಗಿಂತ ಸ್ವಲ್ಪ ದೊಡ್ಡದಾದ ಒಂದು ತತ್ತಿ. ಮೇಲೆ ರಕ್ತದ ಸಣ್ಣ ಗೆರೆ. ನೀಲಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಅವ್ವನ ಮುಂದೆ ನಿಂತಾಗ ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಕೂದಲಿಗೆ ಕೋಳಿ ಬಾಯಿ ಹಾಕಿದರೆ ಅವ್ವ ಸೂಜಿ ಎತ್ತಿಕೊಂಡು ಹೊಡೆಯಲು ಹೋಗುವವಳು. ಅವತ್ತು ಏನೂ ಅನ್ನಲಿಲ್ಲ. ಆ ಚೀಲವನ್ನು ಗೋಡೆಗೆ ಒತ್ತಿಟ್ಟು, ಇನ್ನು ಇದು ಕೋಳಿಯದೇ ಆಗಲಿ ಎಂದಳು. ನನ್ನ ಕೋಳಿ ಹೋಗಿ ಕೂತಿದ್ದರೆ ನನಗೂ ಅದಕ್ಕೂ ಕೂಡಿಯೇ ಏಟು ಬೀಳುತ್ತಿತ್ತು ಅಂತ ಮನಸ್ಸಿನಲ್ಲೇ ಹಲ್ಲು ಕಡಿದೆ. ನೀಲಾ ಆ ಮೊದಲ ತತ್ತಿಗೆ ಇದ್ದಿಲಿನಿಂದ ಗೆರೆ ಎಳೆದು, ಚೀಲದಲ್ಲಿ ಬಿಡುವ ತತ್ತಿ ಇದೇ ಅಂತ ಇಟ್ಟಳು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಕರಿ ಕೋಳಿಯದೇ ದರ್ಬಾರು. ಬೆಳಗಿನ ಹೊತ್ತು ಅದು ಚೀಲದ ಮುಂದೆ ನಿಂತು ಒದರುವುದು, ತತ್ತಿ ಇರುವುದು. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಬಿಸಿ ರೊಟ್ಟಿಯ ಜತೆ ತತ್ತಿಯ ಪಲ್ಯ ತಿಂದು, ನೀಲಾ ಬಂದ ಮೇಲೆ ಮನೆಗೆ ಕಳೆ ಬಂದಿತು ಅನ್ನುತ್ತಿದ್ದ. ಓಣಿಯವರು ಬಂದು ಚೀಲದೊಳಗೆ ಇಣುಕಿ ನೋಡಿ, ತಾಯಿ ಇಲ್ಲದ ಕೂಸಿನ ಕೈಗುಣ ನೋಡು ಅನ್ನುತ್ತಿದ್ದರು. ನೀಲಾ ತನ್ನ ಪಾಲಿನ ಬೇಯಿಸಿದ ತತ್ತಿಯನ್ನು ದಾರದಿಂದ ಎರಡು ಹೋಳು ಮಾಡಿ ಅರ್ಧ ನನ್ನ ತಾಟಿಗೆ ಹಾಕುತ್ತಿದ್ದಳು. ನಿನ್ನ ಕೋಳಿಯದು ನನಗೆ ಬೇಡ ಅಂತ ನಾನು ಅದನ್ನು ಎತ್ತಿ ಅವಳ ತಾಟಿಗೇ ಹಾಕುತ್ತಿದ್ದೆ. ಬಾಯಲ್ಲಿ ನೀರೂರುತ್ತಿತ್ತು. ಆದರೂ ಮೂರು ತಿಂಗಳು ಒಂದು ತುಣುಕು ತಿನ್ನಲಿಲ್ಲ.

ನನ್ನ ಕೆಂಪಿಗೆ ಏನು ರೋಗ ಬಂದಿತ್ತೋ. ಜುಟ್ಟು ರಕ್ತದ ಹಾಗೆ ಕೆಂಪಾಗಿತ್ತು. ಮುಟ್ಟಿದರೆ ಕುಸಿದು ಕೂರುತ್ತಿತ್ತು. ತತ್ತಿ ಮಾತ್ರ ಇಲ್ಲ. ಅವ್ವನ ಕಣ್ಣು ತಪ್ಪಿಸಿ ಸಜ್ಜೆ ಹಾಕಿದೆ, ಶೇಂಗಾ ಹಾಕಿದೆ. ಹಿರಿಯರು ಮಾಡುವ ಹಾಗೆ ಬೆರಳು ಹಾಕಿ ನೋಡಲು ಹೋಗಿ ಮುಂಗೈ ಕುಕ್ಕಿಸಿಕೊಂಡೆ. ಅವ್ವನಿಗೆ ಹೇಳಿದರೆ, ಅವಸರ ಮಾಡಬೇಡ, ಬರುತ್ತದೆ ಅಂತ ಮುಖ ತಿರುಗಿಸಿ ಸೂಜಿ ಹಿಡಿಯುತ್ತಿದ್ದಳು. ಆಗಾಗ ಕೆಂಪಿಯ ಕಾಲ್ಬೆರಳಿಗೆ ಕೂದಲು ಸುತ್ತಿಕೊಂಡು ಬಿಗಿಯುತ್ತಿತ್ತು. ಅವ್ವ ಅದನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ ಬ್ಲೇಡಿನ ಮೊನೆಯಿಂದ ಕೂದಲನ್ನು ಬಿಡಿಸಿ ತೆಗೆಯುತ್ತಿದ್ದಳು. ಕರಿ ಕೋಳಿಯ ಬೆರಳಿಗೆ ಒಂದು ದಿನವೂ ಕೂದಲು ಸುತ್ತಲಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚು. ನೋಡು, ಅವಳ ಕೋಳಿಯ ಕಾಲು ಕೂಡ ಎಷ್ಟು ಚೊಕ್ಕ ಅಂತ ಅಂದುಕೊಳ್ಳುತ್ತಿದ್ದೆ. ಉತ್ತರ ನನ್ನ ಕಣ್ಣ ಮುಂದೆ, ಅವ್ವನ ತೊಡೆಯ ಮೇಲೆ ಕಾಲು ಮೇಲೆ ಮಾಡಿ ಮಲಗಿತ್ತು. ಹೊಟ್ಟೆಕಿಚ್ಚು ಮೊದಲು ತಿನ್ನುವುದು ಕಣ್ಣನ್ನೇ.

ಎಳ್ಳಮಾಸಿ ಹಬ್ಬ ಮುಗಿದ ವಾರ ಅಪ್ಪನ ಜತೆ ಕೆಲಸ ಮಾಡುವ ಇಬ್ಬರು ಊಟಕ್ಕೆ ಬರುವವರಿದ್ದರು. ತತ್ತಿ ಇಡದ ಕೋಳಿಯನ್ನು ಎಷ್ಟು ದಿನ ಸಾಕುವುದು, ಕೆಂಪಿಯನ್ನು ಕೊಯ್ಯೋಣ ಎಂದ ಅಪ್ಪ. ನನಗಿಂತ ಮೊದಲು ನೀಲಾ ಎದ್ದು ನಿಂತಳು. ಅವಳ ಮುಖ ಬಿಳಿಚಿಹೋಗಿತ್ತು.

"ಬ್ಯಾಡ ಮಾವಾ. ಅದು ಇಡ್ತೈತಿ. ಖರೇನ ಇಡ್ತೈತಿ" ಎಂದಳು.

ಅವ್ವ ನಡುವೆ ಬಂದು, ಸಂತೆಯಿಂದ ಒಂದು ಹುಂಜ ತಂದರಾಯಿತು ಅಂತ ಮಾತು ಮುಗಿಸಿದಳು. ನನ್ನ ಕೋಳಿ ಉಳಿಯಿತು, ಸರಿ. ಆದರೆ ಅದನ್ನು ಉಳಿಸಿದ ಪುಣ್ಯವೂ ನೀಲಾಳ ಪಾಲಿಗೇ ಹೋಯಿತಲ್ಲ ಅನ್ನುವುದು ನನ್ನನ್ನು ಇನ್ನಷ್ಟು ಸುಟ್ಟಿತು. ತನ್ನದು ಇಡುತ್ತದೆ ಅನ್ನುವ ಸೊಕ್ಕಿಗೆ ನನ್ನದರ ಮೇಲೆ ಕನಿಕರ ತೋರಿಸುತ್ತಾಳೆ ಅಂದುಕೊಂಡೆ. ಒಂದು ದಿನವಾದರೂ ಅವಳ ಕೋಳಿಯ ತತ್ತಿ ತಪ್ಪಿಸಬೇಕು, ಅವ್ವನ ಮುಂದೆ ಅವಳು ಬರಿಗೈಯಲ್ಲಿ ನಿಲ್ಲಬೇಕು ಅಂತ ತೀರ್ಮಾನಿಸಿದೆ.

ರವಿವಾರ ಬೆಳಗ್ಗೆ ಅವ್ವ ಬಿಡಿಸಿದ ಕೂದಲನ್ನು ಮಾಲೀಕರ ಮನೆಗೆ ಒಪ್ಪಿಸಲು ಹೋಗುತ್ತಿದ್ದಳು. ಚೀಲ ಹೊರಲು ನೀಲಾಳನ್ನು ಕರೆದೊಯ್ಯುತ್ತಿದ್ದಳು. ನನಗೆ ಪರೀಕ್ಷೆಯ ಓದು ಇದೆಯಂತೆ. ಅವರು ಓಣಿ ದಾಟಿದ ಕೂಡಲೇ ನಾನು ಕರಿ ಕೋಳಿಯನ್ನು ಹಿಡಿದು ಬುಟ್ಟಿ ಕವುಚಿ ಮೇಲೆ ಕಲ್ಲು ಹೇರಿದೆ. ಅದು ಒಳಗೆ ಒದ್ದಾಡಿ ಸುಮ್ಮನಾಯಿತು. ಕೆಂಪಿ ಅತ್ತ ಇತ್ತ ಸುಳಿಯಿತು. ನಾನು ಪುಸ್ತಕ ತೆಗೆದುಕೊಂಡು ಒಳಗೆ ಹೋದೆ. ಅವರು ಬರುವ ಹೊತ್ತಿಗೆ ಬುಟ್ಟಿ ಎತ್ತಿ ನೋಡಿದರೆ ಕೆಳಗೆ ತತ್ತಿ ಇಲ್ಲ. ಕುಣಿಯಬೇಕು ಅನ್ನಿಸಿತು. ಆಮೇಲೆ ಚೀಲದೊಳಗೆ ಕೈ ಹಾಕಿದೆ. ಗೆರೆ ಎಳೆದ ತತ್ತಿಯ ಪಕ್ಕದಲ್ಲಿ ಇನ್ನೊಂದು ಇತ್ತು. ಬಿಸಿಯಾಗಿತ್ತು.

ಒಂದು ವಾರ ಆ ಬಿಸಿ ನನ್ನ ಅಂಗೈ ಬಿಡಲಿಲ್ಲ. ಮುಂದಿನ ರವಿವಾರ ಎರಡು ಬುಟ್ಟಿ ತೆಗೆದುಕೊಂಡೆ. ಒಂದರ ಕೆಳಗೆ ಕರಿ, ಒಂದರ ಕೆಳಗೆ ಕೆಂಪಿ. ಈ ಸಲ ಒಳಗೆ ಹೋಗದೆ ಎದುರಿಗೇ ಕೂತೆ. ಹತ್ತು ಗಂಟೆಯ ಸುಮಾರಿಗೆ ಕರಿ ಬುಟ್ಟಿಯೊಳಗಿಂದ ಗಂಟಲು ಹರಿಯುವ ಹಾಗೆ ಕೂಗತೊಡಗಿತು. ಕೆಂಪಿಯ ಬುಟ್ಟಿ ನಿಶ್ಶಬ್ದವಾಗಿತ್ತು. ಎತ್ತಿದೆ. ಕೂಗಿದ್ದರ ಕೆಳಗೆ ಏನೂ ಇರಲಿಲ್ಲ, ಸುಮ್ಮನಿದ್ದುದರ ಕೆಳಗೆ ತತ್ತಿ ಇತ್ತು. ಮಾರ್ನವಮಿಯಿಂದ ಆ ತನಕ ಇಟ್ಟದ್ದೆಲ್ಲ ನನ್ನ ಕೆಂಪಿ. ಅದು ಇಟ್ಟು ಸದ್ದಿಲ್ಲದೆ ಎದ್ದು ಹೋಗುತ್ತಿತ್ತು, ಜತೆಗಾತಿ ಕರಿ ಊರಿಗೆಲ್ಲ ಸಾರುತ್ತಿತ್ತು. ನಾನು ಮೂರು ತಿಂಗಳು ತಾಟಿನಿಂದ ಎತ್ತಿ ಹಾಕಿದ್ದು ನನ್ನದೇ ಕೋಳಿಯ ತತ್ತಿ.

ಸಂಜೆಯ ತನಕ ಕಾದೆ. ಅವ್ವ ನೀಲಾಳನ್ನು ಮುಂದೆ ಕೂರಿಸಿಕೊಂಡು ಬೈತಲೆ ತೆಗೆದ ಮೇಲೆ ಹೋಗಿ ಎದುರಿಗೆ ನಿಂತು, ತತ್ತಿಯನ್ನು ಕೈಯಲ್ಲಿ ಹಿಡಿದು, ಬುಟ್ಟಿಯ ಕತೆಯನ್ನೆಲ್ಲ ಹೇಳಿದೆ. ಒಂದೊಂದು ಮಾತನ್ನೂ ಬಿಡಿಬಿಡಿಯಾಗಿ, ಸಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ. ಇವಳು ನನ್ನ ಕೋಳಿಯ ಹೆಸರನ್ನು ಕದ್ದಿದ್ದಾಳೆ ಎಂದೆ. ನೀಲಾ ಕಣ್ಣು ತೆರೆಯಲಿಲ್ಲ. ಅವ್ವನ ಕೈ ನಿಲ್ಲಲಿಲ್ಲ.

"ಗೊತ್ತೈತಿ" ಎಂದಳು ಅವ್ವ. "ಆ ಚೀಲದ ಮಗ್ಗಲ್ದಾಗ ದಿನಾ ಕುಂಡ್ರಾಕಿ ನಾನ. ಯಾವ ಕೋಳಿ ಒಳಗ ಹೊಕ್ಕೈತಿ, ಯಾವದು ಹೊರಗ ನಿಂತ ಒದರತೈತಿ, ನಂಗ ಕಾಣೂದಿಲ್ಲೇನ."

ನಿಜ. ದಿನಾ ಪೂರ್ತಿ ಅವಳು ಕೂರುತ್ತಿದ್ದದ್ದೇ ಅಲ್ಲಿ. ಇಷ್ಟು ಸರಳವಾದ ಮಾತು ನನಗೆ ಹೊಳೆದಿರಲಿಲ್ಲ. ಹಾಗಾದರೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಅವ್ವ ಹೆರಳಿನ ತುದಿಗೆ ಟೇಪು ಸುತ್ತಿ ಗಂಟು ಹಾಕಿ ಮುಗಿಸಿದ ಮೇಲೆಯೇ ಉತ್ತರ ಕೊಟ್ಟಳು.

"ನಿನಗ ಬೇಕಾಗಿದ್ದು ಕೋಳಿ. ಅಕಿಗೆ ಬೇಕಾಗಿದ್ದು ಈ ಮನ್ಯಾಗ ಉಣ್ಣಾಕ ಒಂದ ಕಾರಣ."

ಆಗ ನೀಲಾ ಕಣ್ಣು ತೆರೆದಳು. ಅವ್ವನ ಕಡೆಗಲ್ಲ, ನನ್ನ ಕಡೆಗೆ ನೋಡಿದಳು.

"ಮೊದ್ಲ ದಿನ ನಂಗೂ ಗೊತ್ತಿರ್ಲಿಲ್ಲ ಅಕ್ಕಾ" ಎಂದಳು. "ಗೊತ್ತಾದ ಮ್ಯಾಲೆ ಹೇಳಾಕ ಬರ್ಲಿಲ್ಲ."

ಗೆದ್ದವಳು ನಾನು. ಆದರೆ ಇಬ್ಬರೂ ಎದ್ದು ತಂತಮ್ಮ ಕೆಲಸಕ್ಕೆ ಹೋದ ಮೇಲೆ ಕೈಯಲ್ಲಿ ತತ್ತಿ ಹಿಡಿದುಕೊಂಡು ಬಾಗಿಲಲ್ಲಿ ನಿಂತವಳೂ ನಾನೇ. ಅವ್ವ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸಂಕ್ರಾಂತಿ ಕಳೆದು ಮಾವ ಕೊಪ್ಪಳದ ಸಂತೆಗೆ ಬಂದ. ನೀಲಾ ತಾನೂ ಊರಿಗೆ ಬರುತ್ತೇನೆ, ಉಳಿದದ್ದನ್ನು ಅಲ್ಲಿಯ ಸಾಲೆಯಲ್ಲೇ ಓದುತ್ತೇನೆ ಎಂದಳು. ಅವ್ವ ಬೇಡ ಎಂದಳು, ಬೈದಳು, ಕೊನೆಗೆ ಅತ್ತಳು. ಅಪ್ಪನಿಗೆ ಏನೂ ಗೊತ್ತಿಲ್ಲ. ಓದಿನ ಹೊತ್ತಿನಲ್ಲಿ ಊರಿನ ನೆನಪಾಗಿರಬೇಕು ಅಂದುಕೊಂಡ. ನಾನು ಒಂದು ಮಾತು ಹೇಳಿದ್ದರೆ ಅವಳು ನಿಲ್ಲುತ್ತಿದ್ದಳು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ ಅನ್ನಿಸಿತು. ನಾನು ಭೂಗೋಳದ ಪುಸ್ತಕದಿಂದ ತಲೆ ಎತ್ತಲಿಲ್ಲ. ಹೊರಡುವ ಬೆಳಗ್ಗೆ ಅವ್ವ ಅವಳಿಗೆ ಹೆರಳು ಹಾಕಲು ಕೂತವಳು, ಹಾಕುವುದು, ಸರಿಯಾಗಲಿಲ್ಲ ಅಂತ ಬಿಚ್ಚುವುದು, ಮತ್ತೆ ಹಾಕುವುದು, ಹೀಗೆ ಮಾಡಿ ಒಂದು ಬಸ್ಸು ತಪ್ಪಿಸಿದಳು. ಎರಡನೆಯ ಬಸ್ಸಿಗೆ ನೀಲಾ ಹೋದಳು, ಬಂದಾಗಿನ ಅದೇ ಬುಟ್ಟಿಯಲ್ಲಿ ಕರಿ ಕೋಳಿಯನ್ನು ಇಟ್ಟುಕೊಂಡು.

ಮರುದಿನದಿಂದ ಕೆಂಪಿ ತತ್ತಿ ಇಡುವುದನ್ನು ನಿಲ್ಲಿಸಿತು. ಚೀಲದೊಳಗೆ ಹೋಗಿ ಕೂರುತ್ತಿತ್ತು. ಎದ್ದು ಬಂದು ಬಾಗಿಲಲ್ಲಿ ನಿಂತು ಓಣಿಯ ಎರಡೂ ಕಡೆ ಕತ್ತು ತಿರುಗಿಸಿ ನೋಡುತ್ತಿತ್ತು. ಒದರುವವರು ಯಾರೂ ಇರಲಿಲ್ಲ. ಹೊಸದಾಗಿ ಇಡಲು ಶುರು ಮಾಡಿದ ಹೇಂಟೆಗೆ ಜತೆ ತಪ್ಪಿದರೆ ಹೀಗಾಗುತ್ತದಂತೆ. ಮನೆಯಲ್ಲಿ ಈಗ ಇದ್ದದ್ದು ನನ್ನ ಕೋಳಿಯೊಂದೇ, ಹೆಸರೂ ಪೂರ್ತಿ ನನ್ನದೇ, ತಿನ್ನಲು ತತ್ತಿ ಇಲ್ಲ. ಇದ್ದಿಲಿನ ಗೆರೆಯ ಆ ಒಂದು ತತ್ತಿ ಚೀಲದಲ್ಲೇ ಕೊಳೆತು ನಾರತೊಡಗಿದಾಗ ಅವ್ವ ಮೂಗು ಮುಚ್ಚಿಕೊಂಡು ತಿಪ್ಪೆಗೆ ಎಸೆದು ಬಂದಳು.

ಸಂಜೆ ಅವಳು ಅಭ್ಯಾಸಬಲದಿಂದ ಬಾಗಿಲ ಒಳಗೆ ಅದೇ ಜಾಗದಲ್ಲಿ ಬಂದು ಕೂರುತ್ತಿದ್ದಳು. ಸ್ವಲ್ಪ ಹೊತ್ತು ಕೂತು ಎದ್ದು ದೀಪ ಹಚ್ಚುತ್ತಿದ್ದಳು. ಈಗ ನಾನು ಹೋಗಿ ಮುಂದೆ ಕೂರಬಹುದಿತ್ತು. ಕೂರುವ ಧೈರ್ಯ ಬರಲಿಲ್ಲ.

ಪರೀಕ್ಷೆಗೆ ಹತ್ತು ದಿನ ಇರುವಾಗ ಮಾವ ಮತ್ತೆ ಬಂದ. ಒಂದು ಸಣ್ಣ ಡಬ್ಬಿಯನ್ನು ನನ್ನ ಮುಂದೆ ಇಟ್ಟ. ಮುಚ್ಚಳ ತೆಗೆದರೆ ಜೋಳ, ಜೋಳದೊಳಗೆ ಹುಗಿದ ಐದು ತತ್ತಿ.

"ನೀಲಿ ಕೊಟ್ಟಾಳ, ಪರೀಕ್ಷಾದಾಗ ತಿನ್ನಾಕ" ಎಂದ ಮಾವ. "ಈ ಸಲದ್ದು ಖರೇನ ನನ್ನ ಕೋಳೀವು ಅಂತ ಹುಲಿಗೆಕ್ಕಗ ಹೇಳು ಅಂದಾಳ. ಏನದು, ನಂಗೇನ ತಿಳೀಲಿಲ್ಲ."

ನಾನು ಏನು ಮಾಡಿದೆ ಅಂತ ಮುಚ್ಚಿಡುವುದಿಲ್ಲ. ಒಂದು ತತ್ತಿಯನ್ನು ಕೈಗೆ ತೆಗೆದುಕೊಂಡು, ಕೆಂಪಿಯದಕ್ಕಿಂತ ದೊಡ್ಡದೋ ಸಣ್ಣದೋ ಅಂತ ಮೊದಲು ಅಳತೆ ನೋಡಿದೆ. ದೊಡ್ಡದಿತ್ತು. ಕರಿಗೆ ಮೈ ಕೂಡಿ ಬರಲು ಸ್ವಲ್ಪ ತಡವಾಗಿತ್ತು ಅಷ್ಟೇ. ಬೇವೂರಿಗೆ ಹೋಗಿ ಚೆನ್ನಾಗಿಯೇ ಇಡುತ್ತಿತ್ತು. ನೀಲಾ ಇನ್ನು ಎರಡು ತಿಂಗಳು ತಡೆದಿದ್ದರೆ, ನಾನು ಇನ್ನು ಎರಡು ತಿಂಗಳು ಕುರುಡಿಯಾಗಿದ್ದಿದ್ದರೆ, ಅವಳ ಸುಳ್ಳು ತಾನೇ ನಿಜವಾಗುತ್ತಿತ್ತು.

ಈ ಕಿಚ್ಚು ಈಗ ಆರಿದೆ ಎಂದರೆ ಸುಳ್ಳಾದೀತು. ಮೂರು ವರ್ಷದ ಹಿಂದೆ ಅವ್ವ ತೀರಿಕೊಂಡಾಗ ನೀಲಾ ಬೇವೂರಿನಿಂದ ಬಂದು ಅತ್ತ ಅಳುವಿಗೆ, ಬಂದವರು ಅವಳನ್ನೇ ಮಗಳು ಅಂದುಕೊಂಡು ಸಮಾಧಾನ ಮಾಡಿದರು. ಆ ದುಃಖದ ನಡುವೆಯೂ ನನ್ನ ಹೊಟ್ಟೆ ಚುರ್ ಅಂದಿತು. ಅವಳು ನನ್ನ ಕೈ ಹಿಡಿದುಕೊಂಡಾಗ ಬಿಡಿಸಿಕೊಳ್ಳಲಿಲ್ಲ, ಅಷ್ಟು ಮಾತ್ರ ಕಲಿತಿದ್ದೇನೆ.

ಮಾವ ಡಬ್ಬಿ ತಂದ ಆ ಸಂಜೆಗೆ ಬರುತ್ತೇನೆ. ಅವ್ವ ಬಾಗಿಲ ಒಳಗೆ ಕೂತಿದ್ದಳು. ನಾನು ಹೆರಳು ಬಿಚ್ಚಿಕೊಂಡು ಹೋಗಿ ಅವಳ ಮುಂದೆ ಬೆನ್ನು ಮಾಡಿ ಕೂತೆ. ಅವಳು ದೊಡ್ಡಾಕೆ ಅನ್ನಲಿಲ್ಲ, ಬೆರಳಲ್ಲಿ ಜೀವ ಇಲ್ಲ ಅನ್ನಲಿಲ್ಲ. ಬಾಚಣಿಗೆ ತೆಗೆದುಕೊಂಡಳು. ಅವಳ ಬೆರಳು ನೆತ್ತಿಗೆ ತಾಗಿತು. ಸೂಜಿ ಹಿಡಿದು ಹಿಡಿದು ಒರಟಾದ ಬೆರಳು, ಆದರೆ ಎಷ್ಟು ಹಗುರ. ನೀಲಾ ಯಾಕೆ ಕಣ್ಣು ಮುಚ್ಚುತ್ತಿದ್ದಳು ಅಂತ ಆಗ ತಿಳಿಯಿತು. ನಾನೂ ಮುಚ್ಚಿದೆ. ಬೈತಲೆ ತೆಗೆದಳು, ಎಣ್ಣೆ ಹಚ್ಚಿದಳು, ಮೂರು ಎಳೆ ಮಾಡಿ ಹೆಣೆಯತೊಡಗಿದಳು. ಅರ್ಧಕ್ಕೆ ಬಂದಾಗ ಅವಳ ಕೈ ನಿಂತಿತು.

"ಅಲ್ಲಿ ನೀಲಿಗೆ ಹೆರಳ ಯಾರ ಹಾಕ್ತಾರೇನ" ಎಂದಳು.

ಅವಳು ನನ್ನನ್ನು ಕೇಳಲಿಲ್ಲ, ತನ್ನಷ್ಟಕ್ಕೇ ಅಂದುಕೊಂಡಳು. ಆದರೆ ಉತ್ತರ ನನಗೆ ಗೊತ್ತಿತ್ತು. ಅವಳು ಬಂದ ದಿನ, ಅವ್ವ ಆ ಟವೆಲ್ ಬಿಚ್ಚಿದಾಗ, ನಾನು ಪಕ್ಕದಲ್ಲೇ ನಿಂತಿದ್ದೆ.